ಬಿ.ಪಿ. ಮಾತ್ರೆಯನ್ನು ದೂರುವ ಮುನ್ನ

ಪ್ರಶ್ನೆ: ಡಾಕ್ಟರೇ, ನನಗೆ 47 ವರ್ಷ. ಶನಿವಾರಸಂತೆ ಕಡೆ ಸ್ವಲ್ಪ ಕಾಫಿ ತೋಟವಿದೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಇಬ್ಬರು ಮಕ್ಕಳು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಬಿ.ಪಿ. ಇದೆ ಎಂದು ಅಟೆನೊಲಾಲ್ ಮಾತ್ರೆ ಬರೆದುಕೊಟ್ಟರು. ಹೆಚ್ಚುಕಡಿಮೆ ಆಗಿನಿಂದಲೇ ನಿಮಿರುವಿಕೆ ಸರಿಯಾಗಿ ಬರುತ್ತಿಲ್ಲ. ಬಂದರೂ ನಡುವೆಯೇ ಇಳಿದುಹೋಗುತ್ತದೆ. ‘ಆ ಮಾತ್ರೆಯಿಂದಲೇ ಹೀಗಾಗುವುದು’ ಎಂದು ಸ್ನೇಹಿತರೊಬ್ಬರು ಹೇಳಿದ ಮೇಲೆ ಎರಡು ವಾರದಿಂದ ಅದನ್ನು ಬಿಟ್ಟಿದ್ದೇನೆ. ಅವರೇ ಕೊಟ್ಟ ನೀಲಿ ಮಾತ್ರೆ ಒಮ್ಮೆ ಕೆಲಸ ಮಾಡಿತು, ನೆಂಟರ ಮನೆಯ ಹುತ್ತರಿ ಊಟದ ರಾತ್ರಿ ಮಾಡಲಿಲ್ಲ. ಕುಶಾಲನಗರದಲ್ಲಿ ಒಬ್ಬರು ಎಂಟು ಸಾವಿರ ರೂಪಾಯಿಗೆ ಲೇಹ್ಯ ಕೊಟ್ಟು, ಹದಿಹರೆಯದ ಚಟದಿಂದ ನರ ಸತ್ತಿದೆ ಎಂದರು. ಪತ್ನಿಗೆ 44 ವರ್ಷ. ಈಗೀಗ ನೋವು ಎಂದು ಆಕೆಯೂ ಹಿಂದೆ ಸರಿಯುತ್ತಾಳೆ, ನನಗೆ ಹೊರಗೆ ಯಾರೋ ಇದ್ದಾರೆಂಬ ಅನುಮಾನವೂ ಅವಳಿಗಿದೆ. ಇದು ದೇಹದ ಕಾಯಿಲೆಯೋ, ಮನಸ್ಸಿನದೋ? ಸಂಶೋಧನೆ ಏನು ಹೇಳುತ್ತದೆ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ತುರ್ತಾಗಿ ಉತ್ತರಿಸಬೇಕಾದ ಸಾಲು ಒಂದಿದೆ: ಎರಡು ವಾರದಿಂದ ಅಟೆನೊಲಾಲ್ ಬಿಟ್ಟಿದ್ದೀರಿ. ಇದು ಬೀಟಾ ಬ್ಲಾಕರ್ ಎಂಬ ಗುಂಪಿಗೆ ಸೇರಿದ ಔಷಧ. ಇಂಥದ್ದನ್ನು ದಿಢೀರನೆ ನಿಲ್ಲಿಸಿದರೆ ಹೃದಯದ ಬಡಿತವೂ ರಕ್ತದೊತ್ತಡವೂ ಮೇಲೇರಬಹುದು. ಹೃದಯದ ರಕ್ತನಾಳ ಒಳಗೊಳಗೇ ಕಿರಿದಾಗಿರುವವರಿಗೆ ಎದೆನೋವು, ಹೃದಯಾಘಾತ ಆದದ್ದೂ ಉಂಟು. ನೀವಾಗಿಯೇ ಬಿಟ್ಟದ್ದನ್ನು ನೀವಾಗಿಯೇ ಮತ್ತೆ ಶುರು ಮಾಡಲೂ ಹೋಗಬೇಡಿ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿ, ಬಿಟ್ಟಿರುವ ಸಂಗತಿಯನ್ನೂ ಯಾಕೆ ಬಿಟ್ಟಿರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ಅಷ್ಟರಲ್ಲಿ ತೋಟದ ಏರು ಹತ್ತುವಾಗ ಎದೆ ಹಿಡಿದಂತಾದರೆ ಅಥವಾ ಎಡಗೈ, ದವಡೆ ಸೆಳೆದಂತಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಸತ್ಯ ಎಷ್ಟು? ಇದನ್ನು ಪರೀಕ್ಷಿಸಿದ ಒಂದು ಸೊಗಸಾದ ಅಧ್ಯಯನ ಇಟಲಿಯಿಂದ 2003ರಲ್ಲಿ ಪ್ರಕಟವಾಯಿತು. ಹೊಸದಾಗಿ ಹೃದಯದ ಕಾಯಿಲೆ ಪತ್ತೆಯಾಗಿದ್ದ, ಅದುವರೆಗೆ ಲೈಂಗಿಕ ತೊಂದರೆ ಇಲ್ಲದ 96 ಗಂಡಸರನ್ನು ಆರಿಸಿಕೊಂಡು ಎಲ್ಲರಿಗೂ ನಿಮ್ಮದೇ ಮಾತ್ರೆಯನ್ನು, ಅಟೆನೊಲಾಲನ್ನೇ ಕೊಟ್ಟರು. ಒಂದು ಗುಂಪಿಗೆ ತಾವು ನುಂಗುತ್ತಿರುವುದು ಯಾವ ಮಾತ್ರೆ ಎಂಬುದೇ ಗೊತ್ತಿರಲಿಲ್ಲ. ಎರಡನೆಯ ಗುಂಪಿಗೆ ಮಾತ್ರೆಯ ಹೆಸರು ಹೇಳಿದರು, ಅಡ್ಡಪರಿಣಾಮ ಹೇಳಲಿಲ್ಲ. ಮೂರನೆಯ ಗುಂಪಿಗೆ ಹೆಸರನ್ನೂ ಹೇಳಿ, ಇದರಿಂದ ನಿಮಿರುವಿಕೆಗೆ ತೊಂದರೆ ಆಗಬಹುದು ಎಂದೂ ಹೇಳಿದರು. ಮೂರು ತಿಂಗಳ ನಂತರ ವಿಚಾರಿಸಿದಾಗ ಮೊದಲ ಗುಂಪಿನಲ್ಲಿ ತೊಂದರೆ ಹೇಳಿಕೊಂಡವರು ಶೇ 3.1, ಎರಡನೆಯದರಲ್ಲಿ ಶೇ 15.6, ಮೂರನೆಯದರಲ್ಲಿ ಶೇ 31.2. ಮಾತ್ರೆ ಒಂದೇ, ಪ್ರಮಾಣ ಒಂದೇ. ಹೆಚ್ಚಾದದ್ದು ಕಿವಿಗೆ ಬಿದ್ದ ಮಾತು. ಹಾಗೆ ತೊಂದರೆಗೆ ಸಿಕ್ಕಿದವರಿಗೆ ಆಮೇಲೆ ವಯಾಗ್ರದ ಮೂಲವಸ್ತುವಾದ ಸಿಲ್ಡೆನಾಫಿಲ್ ಮತ್ತು ಔಷಧವೇ ಇಲ್ಲದ ಹುಸಿ ಮಾತ್ರೆ ಎರಡನ್ನೂ ಸರದಿಯಲ್ಲಿ ಕೊಟ್ಟು ನೋಡಿದರು. ಬಹುತೇಕರಿಗೆ ಎರಡೂ ಒಂದೇ ಸಮ ಕೆಲಸ ಮಾಡಿದವು.

ಇದನ್ನು ಓದಿ ‘ಹಾಗಾದರೆ ನನ್ನದು ಬರೀ ಭ್ರಮೆ’ ಎಂಬ ತೀರ್ಮಾನಕ್ಕೆ ಬರಬೇಡಿ. ಆ ಗಂಡಸರ ತೊಂದರೆ ನಿಜವಾದದ್ದೇ. ಹೆದರಿಕೆಯಿಂದ ಹುಟ್ಟಿದ್ದರೂ ಅದು ಕಾಣಿಸಿಕೊಂಡದ್ದು ದೇಹದಲ್ಲೇ. ಜೊತೆಗೆ, ಅವರಲ್ಲಿ ಹೆಚ್ಚಿನವರಿಗಿಂತ ನಿಮ್ಮ ಸ್ಥಿತಿ ಬೇರೆ. ನಿಮಗೆ ಆರು ವರ್ಷದ ಸಕ್ಕರೆ ಕಾಯಿಲೆ ಇದೆ. ಮಾತ್ರೆಯನ್ನು ದೂರುವ ಮುನ್ನ ನಾನು ಸಂಶಯಪಡುವುದು ರಕ್ತನಾಳಗಳ ಮೇಲೆ.

ನಿಮಿರುವಿಕೆ ಎಂದರೆ ಮುಖ್ಯವಾಗಿ ರಕ್ತದ ಆಟ. ಶಿಶ್ನದೊಳಗೆ ಸ್ಪಂಜಿನಂಥ ಎರಡು ಕೊಳವೆಗಳಿವೆ. ಮನಸ್ಸಿಗೋ ಚರ್ಮಕ್ಕೋ ಪ್ರಚೋದನೆ ಸಿಕ್ಕಾಗ ಅಲ್ಲಿನ ನರಗಳ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಅದರಿಂದ ನಾಳಗಳ ಸ್ನಾಯು ಸಡಿಲಗೊಂಡು ರಕ್ತ ನುಗ್ಗುತ್ತದೆ; ಉಬ್ಬಿದ ಸ್ಪಂಜು ರಕ್ತ ಹೊರಹೋಗುವ ದಾರಿಯನ್ನು ಒತ್ತಿ ಮುಚ್ಚುತ್ತದೆ. ಈ ಅನಿಲ ನಮ್ಮ ರಕ್ತನಾಳಗಳಲ್ಲಿ ಸಂದೇಶವಾಹಕನಾಗಿ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸಿಲ್ಡೆನಾಫಿಲ್‌ಗೆ ಅನುಮತಿ ಸಿಕ್ಕಿತ್ತು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಪ್ರಯೋಗಾಲಯದಲ್ಲಿ ಎದೆನೋವಿಗೆಂದು ಹುಡುಕುತ್ತಿದ್ದ ಔಷಧ ಅದು. ಎದೆನೋವಿಗೆ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಪ್ರಯೋಗಕ್ಕೆ ಒಳಗಾದ ಗಂಡಸರು ಹೇಳಿದ ಅಡ್ಡಪರಿಣಾಮವೇ ಔಷಧದ ಮುಖ್ಯ ಕೆಲಸವಾಯಿತು.

ಎದೆಯ ಔಷಧ ಇಲ್ಲಿಗೆ ಬಂದು ಮುಟ್ಟಿದ್ದು ಆಕಸ್ಮಿಕವಾದರೂ ಎರಡೂ ಕಡೆಯ ಕಾಯಿಲೆಗೆ ಬೇರು ಒಂದೇ. ಶಿಶ್ನದ ಅಪಧಮನಿಯ ಅಗಲ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಗೊತ್ತು: ಕೆರೆಯ ನೀರಿನಲ್ಲಿ ಕೆಸರಿದ್ದರೆ ಮೊದಲು ಕಟ್ಟಿಕೊಳ್ಳುವುದು ನಾಜಲ್, ಮುಖ್ಯ ಪೈಪಿನ ಸರದಿ ಎಷ್ಟೋ ದಿನದ ಮೇಲೆ. ಇಟಲಿಯ ಮೊಂಟೋರ್ಸಿ ಮತ್ತು ಸಂಗಡಿಗರು ಎದೆನೋವಿನಿಂದ ಆಸ್ಪತ್ರೆಗೆ ಬಂದು ಹೃದಯದ ರಕ್ತನಾಳ ಕಟ್ಟಿರುವುದು ಖಚಿತವಾದ 300 ಗಂಡಸರನ್ನು ವಿಚಾರಿಸಿ 2003ರಲ್ಲಿ ಬರೆದರು. ಅವರಲ್ಲಿ ಅರ್ಧದಷ್ಟು ಮಂದಿಗೆ ನಿಮಿರುವಿಕೆಯ ದೌರ್ಬಲ್ಯವಿತ್ತು. ಅಂಥವರ ಪೈಕಿ ಮೂವರಲ್ಲಿ ಇಬ್ಬರಿಗೆ ಅದು ಎದೆನೋವಿಗಿಂತ ಮೊದಲೇ, ಸರಾಸರಿ ಮೂರು ವರ್ಷಕ್ಕೂ ಮುಂಚೆ, ಶುರುವಾಗಿತ್ತು. 2005ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಹೊಸದಾಗಿ ಈ ದೌರ್ಬಲ್ಯ ಕಾಣಿಸಿಕೊಂಡವರಿಗೆ ಮುಂದೆ ಹೃದಯದ ತೊಂದರೆ ಬರುವ ಅಪಾಯ ಸಿಗರೇಟು ಸೇದುವವರಿಗೆ ಇರುವಷ್ಟೇ ಹೆಚ್ಚು ಎಂದಿತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನಲವತ್ತು ದಾಟಿದ, ಸಕ್ಕರೆ ಅಥವಾ ಬಿ.ಪಿ. ಇರುವ ಗಂಡಸು ಈ ತೊಂದರೆ ಹೇಳಿಕೊಂಡು ಬಂದರೆ ನೀಲಿ ಮಾತ್ರೆಯ ಚೀಟಿ ಬರೆದು ಕಳುಹಿಸುವುದು ಅರ್ಧ ಚಿಕಿತ್ಸೆ ಮಾತ್ರ. ಹೃದಯ ಮೂರು ವರ್ಷ ಮುಂಚಿತವಾಗಿ ನೋಟಿಸ್ ಕಳುಹಿಸಿರುವಾಗ ಅದನ್ನು ಓದದೆ ಮಡಚಿಟ್ಟಂತೆ. ಕೊಡಗಿನಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿ ಎದೆನೋವು ಬಂದ ರಾತ್ರಿ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಹೋಗುವುದೆಂದರೆ ಮಡಿಕೇರಿಯವರಿಗೆ ಮೈಸೂರು ಸುಮಾರು 120 ಕಿ.ಮೀ.; ನಿಮ್ಮ ಕಡೆಯವರು ಹಾಸನಕ್ಕೆ ಓಡಬೇಕು. ಮಳೆಗಾಲದಲ್ಲಿ ಮರ ಬಿದ್ದ ರಸ್ತೆಯ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಮುಂಚಿತವಾಗಿ ತಿಳಿಯುವುದಕ್ಕೆ ಇಲ್ಲಿ ಬೇರೆಡೆಗಿಂತ ಬೆಲೆ ಹೆಚ್ಚು.

ಸಕ್ಕರೆ ಕಾಯಿಲೆ ಎರಡು ಕಡೆಯಿಂದ ಹೊಡೆಯುತ್ತದೆ. ರಕ್ತನಾಳದ ಒಳಪದರ ಕೆಟ್ಟು ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಸಂದೇಶ ಒಯ್ಯಬೇಕಾದ ಸಣ್ಣ ನರಗಳೂ ಮಂಕಾಗುತ್ತವೆ. ಜಗತ್ತಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಈ ತೊಂದರೆ ಕಂಡುಬಂತು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಇದು ಅಪರೂಪವೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವಯಸ್ಸಿನ ಗಂಡಸರನ್ನು 1980ರ ದಶಕದ ಕೊನೆಯಲ್ಲಿ ವಿಚಾರಿಸಿದಾಗ ಶೇ 52 ಮಂದಿ ಸಣ್ಣದೋ ದೊಡ್ಡದೋ ತೊಂದರೆ ಇದೆ ಎಂದರು. ನಮ್ಮ ಪಕ್ಕದ ಮೈಸೂರಿನ ಮನೋವೈದ್ಯ ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಹೋದ್ಯೋಗಿಗಳು ದಕ್ಷಿಣ ಭಾರತದ ಹಳ್ಳಿಗಾಡಿನ ಜನರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ಗಂಡಸರಲ್ಲಿ ಒಬ್ಬರಿಗೆ, ಏಳು ಹೆಂಗಸರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಇತ್ತು. ನಿಮ್ಮೂರಿನ ಸಂತೆಯಲ್ಲಿ ಎದುರಾಗುವ ಗಂಡಸರನ್ನು ಈ ಲೆಕ್ಕದಲ್ಲಿ ಒಮ್ಮೆ ನೋಡಿ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ನನ್ನ ಬಳಿ ಬರುವವರಲ್ಲಿ, ಅದರಲ್ಲೂ ಸೈನ್ಯದಿಂದ ನಿವೃತ್ತರಾದವರಲ್ಲಿ, ‘ನನ್ನ ಸ್ನೇಹಿತನಿಗೆ ಒಂದು ತೊಂದರೆ’ ಎಂದು ಮಾತು ಶುರು ಮಾಡುವವರೇ ಹೆಚ್ಚು. ಆ ಸ್ನೇಹಿತನ ರಕ್ತ ಪರೀಕ್ಷೆಯ ವರದಿ ಮಾತ್ರ ಇವರ ಹೆಸರಿನಲ್ಲೇ ಇರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ದೇಹವೋ ಮನಸ್ಸೋ? ಹಿಂದೆ ವೈದ್ಯರೂ ಹೀಗೇ ಎರಡು ಡಬ್ಬ ಮಾಡುತ್ತಿದ್ದರು. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಕಣ್ಣುಗುಡ್ಡೆ ಚಲಿಸುವ ಕನಸಿನ ಹಂತದಲ್ಲಿ, ರಾತ್ರಿಗೆ ಮೂರರಿಂದ ಐದು ಬಾರಿ ತಾನಾಗಿಯೇ ನಿಮಿರುವಿಕೆ ಆಗುತ್ತದೆ. ನಿದ್ದೆಯಲ್ಲಿ ಆಗುತ್ತಿದ್ದರೆ ಕೊಳವೆ ಸರಿಯಿದೆ, ತೊಂದರೆ ಮನಸ್ಸಿನದು. ಆಗದಿದ್ದರೆ ದೇಹದ್ದು ಎಂಬುದು ಆಗಿನ ತರ್ಕ. 1980ರ ಸುಮಾರಿಗೆ ಇದನ್ನು ಪರೀಕ್ಷಿಸಲು ಅಂಚೆಚೀಟಿಗಳ ಸಾಲನ್ನು ಶಿಶ್ನದ ಸುತ್ತ ಅಂಟಿಸಿ ಮಲಗಿಸಿ, ಬೆಳಗ್ಗೆ ಹರಿದಿದೆಯೇ ಎಂದು ನೋಡುವ ಕ್ರಮವೂ ಇತ್ತು. ಬೆಳಗಿನ ಜಾವದ ನಿಮಿರುವಿಕೆ ಈಗಲೂ ಒಳ್ಳೆಯ ಸುಳಿವು. ಮೊದಲಿನಂತೆ ಇದೆಯೇ, ಕಡಿಮೆಯಾಗಿದೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ. ಆದರೆ ನಿಮ್ಮಂಥ ಹೆಚ್ಚಿನವರಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ರಕ್ತನಾಳ ಒಂದು ಪಾಲು ಸೊರಗುತ್ತದೆ, ಒಂದು ರಾತ್ರಿ ಕೈಕೊಡುತ್ತದೆ. ಮರುಸಲ ಗಂಡಸು ಹಾಸಿಗೆಗೆ ಹೋಗುವುದೇ ಪರೀಕ್ಷೆಗೆ ಕೂರುವವನ ಹಾಗೆ. ಆ ಭಯವೇ ಉಳಿದ ಪಾಲನ್ನು ಕೆಡಿಸುತ್ತದೆ.

ಈ ಭಯದ ಕುರಿತು ನಡೆದ ಸಂಶೋಧನೆ ನನಗೆ ಔಷಧದ ಕಥೆಗಿಂತಲೂ ಕುತೂಹಲಕರ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ನೂರಾರು ಗಂಡಸರು ಹೆಂಗಸರ ದೇಹದ ಪ್ರತಿಕ್ರಿಯೆಯನ್ನು ಪ್ರಯೋಗಾಲಯದಲ್ಲೇ ಅಳೆದು 1966ರಲ್ಲಿ ಪ್ರಕಟಿಸಿದರು. ತೊಂದರೆ ಇರುವವರ ಚಿಕಿತ್ಸೆಯ ಬಗ್ಗೆ 1970ರಲ್ಲಿ ಬರೆಯುವಾಗ ಅವರು ಗುರುತಿಸಿದ ಒಂದು ಸಂಗತಿ ಇಂದಿಗೂ ನಿಂತಿದೆ: ಇಂಥವರು ಕ್ರಿಯೆಯಲ್ಲಿ ತೊಡಗಿರುವಾಗಲೇ ತಮ್ಮನ್ನು ತಾವು ಹೊರಗೆ ನಿಂತು ನೋಡುವ ಪ್ರೇಕ್ಷಕರಾಗಿಬಿಡುತ್ತಾರೆ. ‘ಬಂತೇ? ಇದೆಯೇ? ಇಳಿಯುತ್ತಿದೆಯೇ?’

ಆಮೇಲೆ 1980ರ ದಶಕದಲ್ಲಿ ಡೇವಿಡ್ ಬಾರ್ಲೋ ಎಂಬ ಮನಶ್ಶಾಸ್ತ್ರಜ್ಞ ಸಂಗಡಿಗರೊಂದಿಗೆ ಇದನ್ನು ಇನ್ನಷ್ಟು ಕೆದಕಿದರು. ಯಾವ ತೊಂದರೆಯೂ ಇಲ್ಲದ ಗಂಡಸರಿಗೆ ಅಳತೆಯ ಉಪಕರಣ ಕಟ್ಟಿ ಪ್ರಚೋದಕ ಚಿತ್ರ ತೋರಿಸಿದರು. ಜೊತೆಗೆ, ಸಾಕಷ್ಟು ಉದ್ರೇಕ ಆಗದಿದ್ದರೆ ವಿದ್ಯುತ್ ಶಾಕ್ ಕೊಡಬಹುದು ಎಂದು ಬೆದರಿಸಿದರು. ಹೆದರಿಕೆಯಿಂದ ಎಲ್ಲ ಇಳಿದುಹೋಗಬೇಕು ಎಂದು ನಾವು ಊಹಿಸುತ್ತೇವೆ. ಆದದ್ದು ತಿರುಗುಮುರುಗು: ಪ್ರತಿಕ್ರಿಯೆ ಹೆಚ್ಚಾಯಿತು. ತೊಂದರೆ ಇರುವವರನ್ನು ಇದೇ ತರಹದ ಸನ್ನಿವೇಶಕ್ಕೆ ಒಡ್ಡಿದಾಗ ಮಾತ್ರ ಇಳಿಯಿತು. ಎದೆ ಡವಗುಟ್ಟುವುದು ಇಬ್ಬರಿಗೂ ಒಂದೇ. ಗಮನ ಎಲ್ಲಿ ನಿಂತಿದೆ ಎಂಬುದರಲ್ಲಿ ವ್ಯತ್ಯಾಸ. ಒಬ್ಬನ ಗಮನ ಸುಖದ ಮೇಲೆ, ಇನ್ನೊಬ್ಬನದು ತನ್ನ ಸೋಲಿನ ಮೇಲೆ. ತೊಂದರೆ ಇರುವವರು ತಮಗೆ ನಿಜವಾಗಿ ಆದ ನಿಮಿರುವಿಕೆಯನ್ನು ಆದದ್ದಕ್ಕಿಂತ ಕಡಿಮೆ ಎಂದೇ ಅಂದಾಜು ಮಾಡುತ್ತಾರೆ ಎಂಬುದೂ ಈ ಪ್ರಯೋಗಗಳಿಂದ ಗೊತ್ತಾಯಿತು. ‘ನಡುವೆಯೇ ಇಳಿದುಹೋಗುತ್ತದೆ’ ಎಂದು ನೀವು ಬರೆದದ್ದನ್ನು ಓದುವಾಗ ನನಗೆ ನೆನಪಾದದ್ದು ಇದೇ.

ಇದಕ್ಕೆ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ ಈಗಲೂ ಲೈಂಗಿಕ ಚಿಕಿತ್ಸೆಯ ಬೆನ್ನೆಲುಬು. ಮೊದಲ ಕೆಲವು ವಾರ ಸಂಭೋಗಕ್ಕೆ ಪೂರ್ತಿ ರಜೆ. ಆಸೆ ಆದರೂ ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ವಾರಕ್ಕೆ ಎರಡು ಮೂರು ಸಲ, ಅರ್ಧ ಗಂಟೆ, ಒಬ್ಬರು ಇನ್ನೊಬ್ಬರ ಬೆನ್ನು, ತೋಳು, ತಲೆ, ಪಾದ ಸವರುವುದು. ಗುಪ್ತಾಂಗ ಮತ್ತು ಸ್ತನ ಬಿಟ್ಟು. ಯಾವುದು ಹಿತ, ಯಾವುದು ಬೇಡ ಎಂದು ಬಾಯಿಬಿಟ್ಟು ಹೇಳುವುದು. ಅದು ಸಲೀಸಾದ ಮೇಲೆ ಮುಂದಿನ ಹಂತದಲ್ಲಿ ಆ ಭಾಗಗಳನ್ನೂ ಸೇರಿಸುವುದು, ಆಗಲೂ ಸಂಭೋಗ ಇಲ್ಲ. ನಿಮಿರುವಿಕೆ ಬಂದು ಹೋದರೆ ಹೋಗಲಿ ಎಂದು ಬಿಟ್ಟುಬಿಡುವುದು. ಹೋದದ್ದು ತಾನಾಗಿ ಮತ್ತೆ ಬರುವುದನ್ನು ಒಮ್ಮೆ ಕಂಡವನಿಗೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಕೊನೆಯ ಹಂತ ಸಂಭೋಗ. ಪರೀಕ್ಷೆಯನ್ನೇ ರದ್ದು ಮಾಡಿದಾಗ ಪ್ರೇಕ್ಷಕನಿಗೆ ಕೆಲಸವಿಲ್ಲ.

ಇದಕ್ಕೆ ಏಕಾಂತ ಬೇಕು ಎಂಬುದು ನನಗೂ ಗೊತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲಿಡೀ ಕೆಲಸದವರ ಹಿಂದೆ, ರಾತ್ರಿ ಕಣ ಕಾಯುತ್ತ ಗೋದಾಮಿನಲ್ಲೇ ಮಲಗುವ ಗಂಡಸರು ಎಷ್ಟೋ. ಆಗ ಇದನ್ನು ಶುರು ಮಾಡಬೇಡಿ. ಕೊಯ್ಲು ಮುಗಿದು, ಮಳೆ ಹಿಡಿಯುವುದಕ್ಕೆ ಮುಂಚಿನ ವಿರಾಮ ನಿಮ್ಮ ಮಟ್ಟಿಗೆ ಸರಿಯಾದ ಕಾಲ.

ಲೇಹ್ಯ ಕೊಟ್ಟವರ ಮಾತಿಗೆ ಹೆಚ್ಚು ಜಾಗ ಬೇಡ. ಹಸ್ತಮೈಥುನದಿಂದ ನರ ಸಾಯುವುದಿಲ್ಲ, ವೀರ್ಯ ನೀರಾಗುವುದಿಲ್ಲ, ಮೂವತ್ತು ವರ್ಷದ ನಂತರ ದೌರ್ಬಲ್ಯ ಬರುವುದೂ ಇಲ್ಲ. ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸುರಿಸುವ ದ್ರವ. ಉಗುಳು ಮತ್ತೆ ಊರುವಂತೆ ಅದೂ ಊರುತ್ತದೆ. ಈ ಭಯ ನಮ್ಮ ನಾಡಿನದ್ದು ಮಾತ್ರ ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಟಿಸೊ ಎಂಬ ವೈದ್ಯ 18ನೆಯ ಶತಮಾನದಲ್ಲಿ ಇದನ್ನೇ ಬರೆದು ಇಡೀ ಯುರೋಪನ್ನು ಹೆದರಿಸಿಟ್ಟಿದ್ದ. ಧಾತು ನಷ್ಟದ ಭಯದಿಂದಲೇ ನಿಶ್ಶಕ್ತಿ, ನಿದ್ರಾಹೀನತೆ ಬಂದು ನರಳುವ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಭಯ ತರುವ ಕಾಯಿಲೆ ಅದು. ಆ ಭಯವನ್ನೇ ಮಾರಿ ಬದುಕುವವರು ಬಸ್ ನಿಲ್ದಾಣದ ಗೋಡೆಗಳ ಮೇಲೆ ಇಂದಿಗೂ ಪೋಸ್ಟರ್ ಅಂಟಿಸುತ್ತಿದ್ದಾರೆ. ಲೇಹ್ಯದ ವಿಷಯದಲ್ಲಿ ನನ್ನ ಆತಂಕ ಬೇರೆ. ‘ಗಿಡಮೂಲಿಕೆ’ ಎಂದು ಮಾರುವ ಇಂಥ ಪದಾರ್ಥಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎಷ್ಟು ಬೆರೆಸಿದ್ದಾರೆ ಎಂಬ ಲೆಕ್ಕ ಯಾರಿಗೂ ಇರುವುದಿಲ್ಲ. ನಿಲ್ಲಿಸಿ.

ನೀಲಿ ಮಾತ್ರೆಗೆ ಬರೋಣ. ಸಿಲ್ಡೆನಾಫಿಲ್, ಟಡಾಲಾಫಿಲ್ ಒಳ್ಳೆಯ ಔಷಧಗಳು. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥವಲ್ಲ. ಸಕ್ಕರೆ ಕಾಯಿಲೆ ಇರುವ 268 ಗಂಡಸರ ಮೇಲಿನ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. ಸಿಲ್ಡೆನಾಫಿಲ್ ತೆಗೆದುಕೊಂಡವರಲ್ಲಿ ಶೇ 56 ಮಂದಿ ಸುಧಾರಣೆ ಕಂಡರು, ಹುಸಿ ಮಾತ್ರೆ ಪಡೆದವರಲ್ಲಿ ಶೇ 10. ಹುತ್ತರಿ ರಾತ್ರಿ ಅದು ಕೈಕೊಟ್ಟದ್ದು ನನಗೆ ಆಶ್ಚರ್ಯವಲ್ಲ. ಹಂದಿ ಮಾಂಸದಂಥ ಕೊಬ್ಬಿನ ಊಟದ ಮೇಲೆ ಸಿಲ್ಡೆನಾಫಿಲ್ ನುಂಗಿದರೆ ರಕ್ತಕ್ಕೆ ಸೇರುವುದು ಸುಮಾರು ಒಂದು ಗಂಟೆ ತಡವಾಗುತ್ತದೆ, ಸೇರುವ ಗರಿಷ್ಠ ಮಟ್ಟವೂ ಇಳಿಯುತ್ತದೆ. ಮೇಲೆ ಮದ್ಯ ಬೇರೆ ಇತ್ತು ಎಂದು ಊಹಿಸುತ್ತೇನೆ. ಸಾಮಾನ್ಯವಾಗಿ ಹೊಟ್ಟೆ ಹಗುರವಿರುವಾಗ, ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ನುಂಗಿ ಗೋಡೆ ನೋಡುತ್ತ ಕೂತರೆ ಏನೂ ಆಗದು. ನೈಟ್ರಿಕ್ ಆಕ್ಸೈಡ್ ಹುಟ್ಟಿಸುವುದು ಪ್ರಚೋದನೆ, ಮಾತ್ರೆ ಅದರ ಕೆಲಸವನ್ನು ಹೆಚ್ಚು ಹೊತ್ತು ಉಳಿಸುತ್ತದೆ ಅಷ್ಟೇ. ಸರಿಯಾದ ಪ್ರಮಾಣದಲ್ಲಿ ಆರೆಂಟು ಸಲ ನೋಡದೆ ವಿಫಲವಾಯಿತು ಎನ್ನುವಂತಿಲ್ಲ.

ಆದರೆ ಒಂದು ಎಚ್ಚರಿಕೆಯನ್ನು ಕಲ್ಲಿನ ಮೇಲೆ ಕೆತ್ತಿದಂತೆ ನೆನಪಿಡಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಗಳೂ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳೂ ಒಟ್ಟಿಗೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯ. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು. ಎದೆನೋವು ಬಂದ ರಾತ್ರಿ ಆಂಬುಲೆನ್ಸ್‌ನವರಿಗೂ ವೈದ್ಯರಿಗೂ ನಾಚಿಕೆಯಿಂದ ಇದನ್ನು ಮುಚ್ಚಿಟ್ಟು ಅಪಾಯ ತಂದುಕೊಳ್ಳಬೇಡಿ. ಪ್ರಾಸ್ಟೇಟ್‌ಗೆ ಅಥವಾ ಬಿ.ಪಿ.ಗೆ ಆಲ್ಫಾ ಬ್ಲಾಕರ್ ತೆಗೆದುಕೊಳ್ಳುವವರೂ ವೈದ್ಯರಿಗೆ ಹೇಳಬೇಕು. ನಿಮಿರುವಿಕೆ ನಾಲ್ಕು ಗಂಟೆ ದಾಟಿಯೂ ಇಳಿಯದಿದ್ದರೆ, ಕಣ್ಣು ಹಠಾತ್ತನೆ ಮಂಜಾದರೆ, ಆಸ್ಪತ್ರೆಗೆ ಓಡಬೇಕು. ತಲೆನೋವು, ಮುಖ ಬಿಸಿಯಾಗುವುದು ಸಾಮಾನ್ಯ.

ಮಾತ್ರೆಯಿಲ್ಲದೆ ಸುಧಾರಿಸುವ ದಾರಿಗೂ ಪುರಾವೆ ಇದೆ. ಇಟಲಿಯಲ್ಲೇ, 110 ಸ್ಥೂಲಕಾಯದ ಗಂಡಸರನ್ನು ಎರಡು ವರ್ಷ ಗಮನಿಸಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ತೂಕ ಇಳಿಸಿ ವ್ಯಾಯಾಮ ಮಾಡಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಂದಿ ಮೊದಲಿನಂತಾದರು. ವಾರಕ್ಕೆ ನಾಲ್ಕು ದಿನ, ಪ್ರತಿಸಲ 40 ನಿಮಿಷ, ಉಸಿರು ಏರುವಷ್ಟು ನಡಿಗೆ ಅಥವಾ ಓಟ, ಆರು ತಿಂಗಳು: ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದವರು ಕೊಡುವ ಲೆಕ್ಕ ಇದು. ‘ದಿನವಿಡೀ ತೋಟದಲ್ಲಿ ನಡೆಯುತ್ತೇನಲ್ಲ’ ಎಂದು ಬೆಳೆಗಾರರು ತಪ್ಪದೆ ಹೇಳುತ್ತಾರೆ. ಹತ್ತು ಹೆಜ್ಜೆ ನಡೆದು, ಮೆಣಸಿನ ಬಳ್ಳಿ ನೋಡಿ, ಕೆಲಸದವರೊಂದಿಗೆ ಮಾತನಾಡಿ ಮತ್ತೆ ಹತ್ತು ಹೆಜ್ಜೆ ಹಾಕುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಸ್ಟಲ್‌ನ ಗ್ರೇಸ್ ಡೋರಿ ಎಂಬ ಫಿಸಿಯೊಥೆರಪಿಸ್ಟ್ 55 ಗಂಡಸರಿಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿಸಿದಾಗ ಆರು ತಿಂಗಳಲ್ಲಿ ಶೇ 40 ಮಂದಿ ಸಹಜ ಸ್ಥಿತಿಗೆ ಬಂದರು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳೇ ಅವು; ಕೂತಲ್ಲೇ ಬಿಗಿದು ಬಿಡುವ ಅಭ್ಯಾಸ ಮಾಡಬಹುದು, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಮದ್ಯದ ಬಗ್ಗೆ ಕೊಡಗಿನಲ್ಲಿ ಉಪದೇಶ ಮಾಡುವಷ್ಟು ಮುಗ್ಧ ನಾನಲ್ಲ. ಹಬ್ಬಕ್ಕೆ ಒಂದು ಲೋಟ ಬೇರೆ. ದಿನಾ ಸಂಜೆ ಮೂರು ಪೆಗ್ ಎಂಬುದು ಸಕ್ಕರೆ ಕಾಯಿಲೆ ಇರುವವನ ನರಗಳಿಗೆ ಎರಡನೆಯ ಪೆಟ್ಟು. ಬೀಡಿ ಸಿಗರೇಟು ಇದ್ದರೆ ಅದಕ್ಕೆ ರಿಯಾಯಿತಿ ಇಲ್ಲ.

ಇನ್ನು ನಿಮ್ಮ ಪತ್ನಿಯ ನೋವು. ಪತ್ರದಲ್ಲಿ ಅದಕ್ಕೆ ಅರ್ಧ ಸಾಲು ಸಿಕ್ಕಿದೆ. ಸಂಶೋಧನೆಯಲ್ಲೂ ಹೆಂಗಸರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ. ಸಿಲ್ಡೆನಾಫಿಲ್ ಮಾರುಕಟ್ಟೆಗೆ ಬಂದ 1998ರಲ್ಲೇ ಮೆಲ್ಬರ್ನ್‌ನ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ ಅವರು ಹೆಂಗಸರ ಚಂದ್ರನಾಡಿ (ಕ್ಲಿಟೊರಿಸ್) ಪಠ್ಯಪುಸ್ತಕಗಳಲ್ಲಿ ಬರೆದದ್ದಕ್ಕಿಂತ ಎಷ್ಟೋ ದೊಡ್ಡ ಅಂಗ ಎಂದು ಶವಗಳನ್ನು ಛೇದಿಸಿ ತೋರಿಸಬೇಕಾಯಿತು. 44ರಲ್ಲಿ ಮುಟ್ಟು ಏರುಪೇರಾಗಿ ಈಸ್ಟ್ರೊಜೆನ್ ಇಳಿಯತೊಡಗಿದರೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಉರಿ, ನೋವು, ಪದೇ ಪದೇ ಮೂತ್ರದ ಸೋಂಕು ಬರುತ್ತವೆ. ನೀರಿನ ಆಧಾರದ ಜಾರುಕ ದ್ರವ, ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಮುಲಾಮು, ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಆಕೆಯ ಸಕ್ಕರೆಯನ್ನೂ ಒಮ್ಮೆ ನೋಡಿಸಿ. ಸಕ್ಕರೆ ಹೆಚ್ಚಿದ್ದರೆ ಶಿಲೀಂಧ್ರದ ಸೋಂಕಿನಿಂದಲೂ ನೋವು ಬರುತ್ತದೆ. ಕೆನಡಾದ ರೋಸ್‌ಮರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಉಪಯುಕ್ತ: ವರ್ಷಗಟ್ಟಲೆ ಜೊತೆಗಿದ್ದ ದಾಂಪತ್ಯದಲ್ಲಿ ಎಷ್ಟೋ ಹೆಂಗಸರಿಗೆ ಆಸೆ ಮೊದಲು ಹುಟ್ಟಿ ಸ್ಪರ್ಶ ಆಮೇಲೆ ಬರುವುದಿಲ್ಲ, ಹತ್ತಿರವಾಗುವುದು, ಮಾತು, ಸ್ಪರ್ಶ ಇವುಗಳ ನಂತರ ಆಸೆ ಹುಟ್ಟುತ್ತದೆ. ನೋವಿನ ನೆನಪು ಇರುವಲ್ಲಿ ಅದು ಹುಟ್ಟುವುದೇ ಇಲ್ಲ. ನೀವು ಸೋಲಿನ ಭಯದಿಂದ ದೂರ ಮಲಗುತ್ತೀರಿ, ಆಕೆ ಅದನ್ನು ಬೇರೆ ಹೆಣ್ಣಿನ ಲೆಕ್ಕಕ್ಕೆ ಸೇರಿಸುತ್ತಾರೆ. ಆಕೆ ನೋವಿಗೆ ಹಿಂದೆ ಸರಿಯುತ್ತಾರೆ, ನೀವು ಅದನ್ನು ತಿರಸ್ಕಾರ ಎಂದುಕೊಳ್ಳುತ್ತೀರಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಈ ಉತ್ತರವನ್ನೇ ಓದಲು ಕೊಡಿ.

ವೈದ್ಯರ ಬಳಿ ಏನು ಕೇಳಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ಬಿ.ಪಿ., ಇಸಿಜಿ, ಮೂತ್ರಪಿಂಡದ ಪರೀಕ್ಷೆ, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಕೊಬ್ಬಿನ ಮಟ್ಟ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದರೆ ಬಿ12 ಕೂಡ. ಅದು ಇಳಿದರೆ ನರಗಳು ಬಳಲುತ್ತವೆ. ಆಸೆಯೇ ಕುಗ್ಗಿದೆ ಎನಿಸಿದರೆ ಟೆಸ್ಟೊಸ್ಟೆರಾನ್; ಅದು ಎರಡು ಸಲ ಕಡಿಮೆ ಬಂದರೆ ಮಾತ್ರ ಮುಂದಿನ ಮಾತು, ಸುಮ್ಮನೆ ಇಂಜೆಕ್ಷನ್ ಬೇಡ. ಬಿ.ಪಿ.ಗೆ ಅಟೆನೊಲಾಲ್ ಬದಲು ಈ ವಿಷಯದಲ್ಲಿ ತಟಸ್ಥವಾದ ಬೇರೆ ಗುಂಪಿನ ಮಾತ್ರೆ ಹೊಂದುತ್ತದೆಯೇ ಎಂದು ಕೇಳಿ. ಹೃದಯಕ್ಕೆ ಬೇರೆ ಕಾರಣವಿಲ್ಲದಿದ್ದರೆ ಬದಲಿಸುವುದು ಕಷ್ಟವೇನಲ್ಲ, ನಿಧಾನವಾಗಿ, ಅವರ ಕಣ್ಣಮುಂದೆ ಆಗಬೇಕು ಅಷ್ಟೇ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋದರೆ ನೀವು ಮೆಡಿಸಿನ್ ವಿಭಾಗಕ್ಕೆ, ಅವರು ಸ್ತ್ರೀರೋಗ ವಿಭಾಗಕ್ಕೆ ಒಂದೇ ದಿನ ತೋರಿಸಿಕೊಳ್ಳಬಹುದು. ಊರವರ ಕಣ್ಣಿಗೆ ಬೀಳುವ ಸಂಕೋಚವಿದ್ದರೆ ಮನಸ್ಸಿನ ಭಾರದ ಕುರಿತು ಮಾತನಾಡಲು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಲೇಹ್ಯದ ಡಬ್ಬಿ, ನೀಲಿ ಮಾತ್ರೆಯ ಪಟ್ಟಿ, ಅಟೆನೊಲಾಲ್ ಚೀಟಿ ಮೂರನ್ನೂ ಜೊತೆಗೆ ಒಯ್ಯಿರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಸಕ್ಕರೆ, ಕೊಬ್ಬು, ಟೆಸ್ಟೊಸ್ಟೆರಾನ್ ಮೂರಕ್ಕೂ ಒಂದೇ ಸಲಕ್ಕೆ ರಕ್ತ ಕೊಟ್ಟು ಬರಬಹುದು.